ಎಂಟೂ ಕಾಲಿನ ಆರಾಧನೆ

ಬೀಗ ರಿಪೇರಿ ಮಾಡುವ ಆ ಮನುಷ್ಯನನ್ನು ಬೀದಿಯವರು "ಬೀಗರೇ" ಎಂದು ಕರೆಯತೊಡಗಿದ್ದು ತಮಾಷೆಗೆ. ಅವರು ಅದನ್ನು ಬಿರುದು ಎಂದು ತಿಳಿದುಕೊಂಡರು. ಯಾರ ಮಗಳನ್ನೂ ತರದೆ, ಯಾರ ಮನೆಗೂ ಮಗಳನ್ನು ಕೊಡದೆ, ಒಂದು ಅರ, ಒಂದು ಇಕ್ಕಳ ಮತ್ತು ಗೋಡೆಯ ತುಂಬ ನೇತಾಡುವ ಬೀಗದ ಕೈಗಳ ಬಲದಿಂದಲೇ ಇಡೀ ಬೀದಿಗೆ ಬೀಗರಾದ ಮೇಲೆ ಮನುಷ್ಯ ಸ್ವಲ್ಪ ಬೀಗಿದರೆ ತಪ್ಪು ಹೇಳಲಾಗದು. ಅವರ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕು. ಆದರೆ ಅಲ್ಲಿ ಸಿಗದ ಸಲಹೆ ಇರಲಿಲ್ಲ. ಗಡಿಯಾರ ನಿಂತರೆ, ಮಾಡು ಸೋರಿದರೆ, ಅಳಿಯ ಮುನಿಸಿಕೊಂಡರೆ, ಬೀಗರು ಕಣ್ಣು ಕಿರಿದು ಮಾಡಿ "ಅದೇನ್ ಮಹಾ" ಅನ್ನುತ್ತಿದ್ದರು. ಆಮೇಲೂ ಗಡಿಯಾರ ನಿಂತೇ ಇರುತ್ತಿತ್ತು, ಮಾಡು ಸೋರುತ್ತಲೇ ಇರುತ್ತಿತ್ತು. ಅಳಿಯ ಮಾತ್ರ, ಬೀಗರು ಸಂಧಾನಕ್ಕೆ ಬರುತ್ತಾರೆ ಎಂಬ ಸುದ್ದಿ ಕೇಳಿದೊಡನೆ ತಾನಾಗಿ ವಾಪಸು ಬರುತ್ತಿದ್ದ.

ಈ ಬೀಗರು ನಮ್ಮ ಚರ್ಚಿನ ಸಭೆಯವರು. ನಾನು ಆ ಸಭೆಯ ಕಾರ್ಯದರ್ಶಿ. ನಡಾವಳಿ ಪುಸ್ತಕದಲ್ಲಿ ಬರೆಯಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಚರ್ಚಿನಲ್ಲಿ ಭಾನುವಾರ ಎರಡು ಆರಾಧನೆ. ಬೆಳಗ್ಗೆ ಏಳಕ್ಕೆ ಒಂದು, ಒಂಬತ್ತೂವರೆಗೆ ಇನ್ನೊಂದು. ಏಳು ಗಂಟೆಯವರೆಂದರೆ ನಿವೃತ್ತರು, ಬೇಗ ಏಳುವವರು, ಬೇಗ ಎದ್ದೆವೆಂದು ಎಲ್ಲರಿಗೂ ತಿಳಿಸುವವರು. ಅವರ ಮುಂದಾಳು ಹೆಡ್‌ಮೇಡಂ. ಮೂವತ್ತನಾಲ್ಕು ವರ್ಷ ಶಾಲೆ ನಡೆಸಿದ ಅವರು ಈಗಲೂ ಹಾಡಿನ ಹಾಳೆಯಲ್ಲಿ ತಪ್ಪು ಕಂಡರೆ ಕೆಂಪು ಶಾಯಿಯಿಂದ ತಿದ್ದಿ, ಆಮೇಲೆ ಹಾಡುತ್ತಾರೆ. ಒಂಬತ್ತೂವರೆಯವರೆಂದರೆ ರಾತ್ರಿ ಪಾಳಿ ಮುಗಿಸಿ ಬಂದ ನರ್ಸುಗಳು, ಡ್ರೈವರುಗಳು, ಒಂದು ಮಗುವಿಗೆ ಎರಡು ಕಾಲುಚೀಲ ಹಾಕಲು ಒಂದೂವರೆ ಗಂಟೆ ಬೇಕಾಗುವ ಹೊಸ ತಂದೆತಾಯಿಗಳು. ಇವರ ಮುಂದಾಳು ಬೇಕರಿಯ ಯಜಮಾನರು. ಎಂಟು ಗಂಟೆಯವರೆಗೆ ಒಲೆಯ ಮುಂದೆ, ಒಂಬತ್ತೂವರೆಗೆ ದೇವರ ಮುಂದೆ, ಎರಡು ಕಡೆಯೂ ಮೊಣಕೈಯವರೆಗೆ ಹಿಟ್ಟು.

ಎರಡು ಗುಂಪಿನವರೂ ಅದೇ ಬೆಂಚುಗಳಲ್ಲಿ ಕೂರುತ್ತಿದ್ದರು, ಅದೇ ಪುಸ್ತಕ ಹಿಡಿದು ಹಾಡುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಒಂಬತ್ತೂವರೆಯವರು ಬಿಸ್ಕತ್ತಿನ ಪುಡಿ ಬಿಟ್ಟುಹೋಗುತ್ತಾರೆ ಎಂದು ಏಳು ಗಂಟೆಯವರ ದೂರು. ಏಳು ಗಂಟೆಯವರು ಕನ್ನಡಕ ಬಿಟ್ಟುಹೋಗುತ್ತಾರೆ, ಅದರ ಮೇಲೆ ಕೂರುವ ಕಷ್ಟ ನಮ್ಮದು ಎಂದು ಒಂಬತ್ತೂವರೆಯವರ ದೂರು. ಹನ್ನೊಂದು ವರ್ಷದಿಂದ ಹೀಗೆಯೇ ನಡೆದಿತ್ತು. ಬೀಗರ ಮನೆಯಲ್ಲೂ ಇದೇ ಕಥೆ. ಅವರ ಹೆಂಡತಿ ಏಳು ಗಂಟೆಯ ಗಾಯನ ಮಂಡಳಿಯಲ್ಲಿ ಹಾಡುತ್ತಿದ್ದರು. ಬೀಗರಿಗೆ ಭಾನುವಾರ ಬೆಳಕು ಹರಿಯುವುದೇ ಎಂಟಕ್ಕೆ. ಹೆಂಡತಿ ಆರಾಧನೆಯ ಮೇಲೆ ಹಾಡಿನ ಅಭ್ಯಾಸವನ್ನೂ ಮುಗಿಸಿ ಚರ್ಚಿನಿಂದ ಹೊರಟು, ಗಂಡ ಚರ್ಚಿಗೆ ಬಂದು, ಗೇಟಿನ ಹತ್ತಿರ ಎದುರಾದಾಗ ಮನೆಯ ಬೀಗದ ಕೈ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ಭಾನುವಾರದ ದಾಂಪತ್ಯ ಅಷ್ಟೇ.

ಹೀಗಿರುವಾಗ ಹೊಸ ಪಾಸ್ಟರು ಬಂದರು. ಮೆತ್ತನೆಯ ದನಿ, ಒಳ್ಳೆಯ ಮನಸ್ಸು, ಎರಡೇ ಎರಡು ದೋಷ. ಒಂದು, ಯಾವುದನ್ನೂ ಯಾರನ್ನೂ ಕೇಳದೆ ತೀರ್ಮಾನ ಮಾಡುತ್ತಿದ್ದರು. ಎರಡು, ನೇರವಾಗಿ ಒಂದು ಮಾತೂ ಆಡುತ್ತಿರಲಿಲ್ಲ. ಎಲ್ಲವನ್ನೂ ಪ್ರಸಂಗದ, ಅಂದರೆ ವೇದಿಕೆಯಿಂದ ಮಾಡುವ ಉಪದೇಶದ, ಭಾಷೆಯಲ್ಲೇ ಹೇಳುತ್ತಿದ್ದರು. ಒಮ್ಮೆ, "ನಮ್ಮ ಅಂಗಳದಲ್ಲೇ ಜೀವಜಲ ವ್ಯರ್ಥವಾಗಿ ಹರಿದುಹೋಗುತ್ತಿದೆ, ತಡೆಯುವ ಕೈಗಳು ಬೇಕಾಗಿವೆ" ಎಂದು ಗದ್ಗದಿತರಾಗಿ ಹೇಳಿದರು. ನಾವೆಲ್ಲ ಕಣ್ಣೊರೆಸಿಕೊಂಡು ಮನೆಗೆ ಹೋದೆವು. ಹೊರಗಿನ ನಲ್ಲಿ ಮುರಿದಿದೆ ಎಂದು ಅವರು ಹೇಳಿದ್ದೆಂದು ತಿಳಿಯುವಷ್ಟರಲ್ಲಿ ಮೂರು ವಾರ ನೀರು ಸೋರಿ, ಗೇಟಿನ ಹತ್ತಿರ ಕಪ್ಪೆಗಳು ಸಂಸಾರ ಹೂಡಿದ್ದವು.

ಬಂದ ಎಂಟನೆಯ ತಿಂಗಳಲ್ಲಿ ಅವರು ಎರಡೂ ಆರಾಧನೆಯಲ್ಲಿ ಒಂದೇ ಪ್ರಕಟಣೆ ಓದಿದರು. ಮುಂದಿನ ತಿಂಗಳ ಮೊದಲ ಭಾನುವಾರದಿಂದ ಇಡೀ ಸಭೆಗೆ ಒಂದೇ ಆರಾಧನೆ. ಸಮಯ, ಬೆಳಗ್ಗೆ ಎಂಟೂ ಕಾಲು.

"ಎಂಟೂ ಕಾಲು ಅನ್ನೋದು ಒಂದು ಹೊತ್ತಾ? ಅದು ಬಸ್ಸಿನ ಟೈಮು," ಎಂದರು ಹೆಡ್‌ಮೇಡಂ.

"ಎಂಟು ಕಾಲು ಜೇಡಕ್ಕೆ ಸರಿ. ಮನುಷ್ಯರಿಗಲ್ಲ," ಎಂದರು ಬೇಕರಿ ಯಜಮಾನರು.

ಹೀಗೆ ಪಾಸ್ಟರು ಬಯಸಿದ ಐಕ್ಯತೆ ಒಂದೇ ವಾರದಲ್ಲಿ ಕೂಡಿಬಂತು. ಹನ್ನೊಂದು ವರ್ಷ ಮಾತಾಡದ ಎರಡು ಗುಂಪುಗಳು ಅವರ ವಿರುದ್ಧ ಒಂದಾದವು. ಒಂದಾದರೂ ಮನವಿ ಮಾತ್ರ ಎರಡು. ಏಳು ಗಂಟೆಯನ್ನು ಉಳಿಸಿ ಎಂದು ಹೆಡ್‌ಮೇಡಂ ಒಂದು ಹಾಳೆ ಹೊರಡಿಸಿದರು; ಒಂಬತ್ತೂವರೆಯನ್ನು ಉಳಿಸಿ ಎಂದು ಬೇಕರಿ ಯಜಮಾನರು ಇನ್ನೊಂದು. ಮೊದಲನೆಯದನ್ನು ಬೀಗರ ಹೆಂಡತಿ ಊಟದ ತಟ್ಟೆಯ ಪಕ್ಕದಲ್ಲಿಟ್ಟು "ಇಲ್ಲಿ ಸಹಿ ಹಾಕಿ" ಎಂದರು. ಬೀಗರು ಹಾಕಿದರು. ಎರಡನೆಯದನ್ನು ಬೇಕರಿ ಯಜಮಾನರು ಅಂಗಡಿಗೇ ತಂದು "ಇಲ್ಲಿ ಹಾಕಿ" ಎಂದರು. ಬೀಗರು ಅಲ್ಲೂ ಹಾಕಿದರು. ಇಂಥವರಿಗೆ ಜಗತ್ತಿನಲ್ಲಿ ಶತ್ರುಗಳಿರುವುದಿಲ್ಲ, ಎರಡೂ ಹಾಳೆ ಒಂದೇ ಮೇಜಿಗೆ ಬರುವವರೆಗೆ.

ಆ ಮೊದಲ ಭಾನುವಾರದ ಹಿಂದಿನ ದಿನ, ಶನಿವಾರ, ಪಾಸ್ಟರು ಅಂಗಡಿಯ ಮುಂದೆ ನಿಂತು, "ನನ್ನ ಕೋಣೆಯಲ್ಲಿ ಒಂದು ಬಾಗಿಲು ನಿಲ್ತಾನೇ ಇಲ್ಲ. ಒಂದು ಚಿಕ್ಕ ಬೀಗ ಹಾಕ್ತೀರಾ?" ಎಂದು ಕೇಳಿದರು. ವೇದಿಕೆಯ ಪಕ್ಕದಲ್ಲಿ ಅವರಿಗೊಂದು ಪುಟ್ಟ ಕೋಣೆಯಿದೆ. ಅವರು ಹೇಳಿದ್ದು ಆ ಕೋಣೆಯೊಳಗಿನ ಬೀರುವಿನ ಬಾಗಿಲು.

"ಅದೇನ್ ಮಹಾ," ಎಂದರು ಬೀಗರು.

ಚಿಕ್ಕ ಬೀಗ ಎಂಬ ಮಾತು ಅವರ ಕಿವಿಗೆ ಬೀಳಲಿಲ್ಲ. ಬೀಳುವಂತೆಯೂ ಇರಲಿಲ್ಲ. ಎಷ್ಟೋ ದಿನದಿಂದ ಅವರ ಅಂಗಡಿಯಲ್ಲಿ ಒಂದು ಭಾರೀ ಬೀಗ ಡಬ್ಬಿಯಲ್ಲಿ ಮಲಗಿತ್ತು. ಬಾಗಿಲು ತಳ್ಳಿದರೆ ಸಾಕು, ತಾನೇ ಬೀಳುವಂಥದ್ದು. ಒಂದು ಬದಿಗೆ ಹಿತ್ತಾಳೆಯ ಗುಂಡನೆಯ ಹಿಡಿ, ಇನ್ನೊಂದು ಬದಿಗೆ ಬೀಗದ ಕೈ ಹಾಕುವ ತೂತು. ಬೀದಿಯಲ್ಲಿ ಯಾರ ಮನೆಯ ಬಾಗಿಲಿಗೂ ಅದಕ್ಕೆ ತಕ್ಕ ಯೋಗ್ಯತೆ ಇರಲಿಲ್ಲ. ಆ ಮಧ್ಯಾಹ್ನ ಪಾಸ್ಟರು ಆಸ್ಪತ್ರೆಗೆ ರೋಗಿಗಳನ್ನು ನೋಡಲು ಹೋಗಿದ್ದಾಗ, ಬೀಗರು ಆ ಬೀಗವನ್ನು ಕೋಣೆಯ ಬಾಗಿಲಿಗೇ ಜಡಿದರು. ಡಬ್ಬಿಯೊಳಗೆ ಹೇಗೆ ಕೂರಿಸಬೇಕೆಂದು ತೋರಿಸುವ ಚಿತ್ರವಿತ್ತು. ಚಿತ್ರ ನೋಡಿ ಬೀಗ ಹಾಕುವವರ ಪೈಕಿ ಅವರಲ್ಲ. ಬೀಗದ ಕೈಯನ್ನು ಒಂದು ಲಕೋಟೆಗೆ ಹಾಕಿ, ಅಂಟಿಸಿ, ಪಾಸ್ಟರ ಮೇಜಿನ ಮೇಲಿಟ್ಟರು. ಬಾಗಿಲು ಬಡಿದುಕೊಳ್ಳದಿರಲೆಂದು ಒಂದು ಇಟ್ಟಿಗೆ ಅಡ್ಡವಿಟ್ಟು, ಎರಡು ಸಲ ತಿರುಗಿ ನೋಡಿ, ಮನೆಗೆ ಹೋದರು.

ಮರುದಿನ ಎಂಟೂ ಕಾಲಿಗೆ ಇಡೀ ಸಭೆ ಒಂದೇ ಸೂರಿನಡಿ ಸೇರಿತು, ಸೇರುವುದಿಲ್ಲ ಎಂದು ಹೇಳುವುದಕ್ಕೆ. ಮೊದಲ ಹತ್ತು ನಿಮಿಷ "ಇದು ನನ್ನ ಜಾಗ", "ಇಲ್ಲ, ನನ್ನ ಜಾಗ" ಎಂಬುದರಲ್ಲೇ ಕಳೆಯಿತು. ಇಬ್ಬರೂ ಹೇಳುತ್ತಿದ್ದುದು ನಿಜವಾದ್ದರಿಂದ ಯಾರೂ ಏಳಲಿಲ್ಲ, ಒತ್ತರಿಸಿ ಕೂತರು. ಆರಾಧನೆ ಮುಗಿದ ಮೇಲೆ ಅಲ್ಲೇ ಸಭೆ ಸೇರಿ ವಿಷಯ ಚರ್ಚಿಸುವುದೆಂದು ಗೊತ್ತಾಗಿತ್ತು. ಪಾಸ್ಟರು ಆಶೀರ್ವಾದ ಹೇಳಿ, "ಮೇಲಂಗಿ ತೆಗೆದಿಟ್ಟು ಬಂದೆ" ಎಂದು ಕೋಣೆಗೆ ಹೋದರು. ಇಟ್ಟಿಗೆಯನ್ನು ಕಾಲಿನಿಂದ ಸರಿಸಿರಬೇಕು. ಬಾಗಿಲು ಟಕ್ ಎಂದಿತು.

ಐದು ನಿಮಿಷವಾಯಿತು. ಹತ್ತಾಯಿತು. ಹೆಡ್‌ಮೇಡಂ ಗಡಿಯಾರ ನೋಡಿಕೊಂಡು ಎದ್ದರು. ಬೇಕರಿ ಯಜಮಾನರು ಎದ್ದರು. ನಡಾವಳಿ ಪುಸ್ತಕ ಹಿಡಿದು ನಾನೂ ಎದ್ದೆ. ಹೆಡ್‌ಮೇಡಂ ಬಾಗಿಲು ಬಡಿದರು.

"ಪಾಸ್ಟರೇ, ಸಭೆ ಕಾಯ್ತಾ ಇದೆ."

"ನಾನೂ ಕಾಯ್ತಾ ಇದೀನಿ ಮೇಡಂ," ಎಂದಿತು ಒಳಗಿನ ಮೆತ್ತನೆಯ ದನಿ. "ದಯವಿಟ್ಟು ತೆರೀರಿ."

ಹೆಡ್‌ಮೇಡಂ ನಮ್ಮ ಕಡೆ ತಿರುಗಿದರು. "ಮನಸ್ಸು ತೆರೀಬೇಕಂತೆ."

"ನಮ್ಮ ಮನಸ್ಸು ಯಾವಾಗ್ಲೂ ತೆರೆದೇ ಇದೆ!" ಎಂದು ಬೇಕರಿ ಯಜಮಾನರು ಕೂಗಿದರು.

ಒಳಗಿನ ದನಿ ಕೇಳಿತು: "ಹಾಗಾದ್ರೆ ನಾನ್ಯಾಕೆ ಇಲ್ಲಿ ಒಬ್ಬನೇ ಸಿಕ್ಕೊಂಡಿದೀನಿ?"

"ಅದನ್ನ ನೀವೇ ಯೋಚನೆ ಮಾಡ್ಬೇಕು. ನೀವು ಬಂದು ಎಂಟು ತಿಂಗಳಾಯ್ತು," ಎಂದರು ಹೆಡ್‌ಮೇಡಂ.

"ಎಂಟು ತಿಂಗಳಲ್ಲ ಮೇಡಂ, ಹತ್ತು ನಿಮಿಷ! ಹೊರಗೆ ಬರೋ ದಾರೀನೇ ಕಾಣ್ತಿಲ್ಲ."

"ಪಾಪ, ದಾರಿ ಕಾಣ್ತಿಲ್ಲವಂತೆ," ಎಂದು ಗಾಯನ ಮಂಡಳಿಯ ಒಬ್ಬರು ಕರ್ಚೀಫು ತೆಗೆದರು.

"ಎಲ್ಲಾ ನಿಮ್ಮ ಕೈಯಲ್ಲೇ ಇದೆ!" ಎಂದು ಪಾಸ್ಟರ ದನಿ ಸ್ವಲ್ಪ ಏರಿತು.

"ನಮ್ಮ ಕೈಯಲ್ಲಿ ಏನಿದೆ ಸ್ವಾಮಿ? ಎಲ್ಲಾ ನೀವೇ ಇಟ್ಕೊಂಡಿದೀರಲ್ಲ. ಟೈಮು ಬದಲಾಯಿಸೋವಾಗ ಒಂದು ಮಾತು ಕೇಳಿದ್ರಾ?" ಎಂದರು ಬೇಕರಿ ಯಜಮಾನರು.

"ಟೈಮಿನ ವಿಷಯ ಆಮೇಲೆ ಮಾತಾಡೋಣ. ಮೊದಲು ನನ್ನನ್ನ ಬಿಡುಗಡೆ ಮಾಡಿ."

"ಬಿಡುಗಡೆ" ಎಂಬ ಮಾತು ಕೇಳಿದೊಡನೆ ಎಲ್ಲರ ಮುಖ ಗಂಭೀರವಾಯಿತು. ಪಾಸ್ಟರು ಕೆಲಸವನ್ನೇ ಬಿಡುವ ಯೋಚನೆಯಲ್ಲಿದ್ದಾರೆ!

ಆಗ ಹಿಂದಿನಿಂದ ಯಾರೋ, "ಬಾಗಿಲಿಗೆ ಬೀಗ ಗೀಗ ಬಿದ್ದಿದೆಯಾ ನೋಡಿ" ಎಂಬ ಬುದ್ಧಿಯ ಮಾತು ಆಡಿದರು. ಅಷ್ಟರಲ್ಲಿ ಬೀಗರು ಬೆಂಚುಗಳ ನಡುವಿನಿಂದ ಗಂಟಲು ಸರಿಮಾಡಿಕೊಳ್ಳುತ್ತ ಬಂದೇಬಿಟ್ಟರು. ಇಂಥ ಗಳಿಗೆಗಾಗಿಯೇ ಹುಟ್ಟಿದವರ ನಡಿಗೆ ಅದು.

"ಈ ಬೀಗ ನಾನೇ ನಿನ್ನೆ ಹಾಕಿದ್ದು," ಎಂದರು. "ಆನೆ ಬಂದು ಒದ್ದರೂ ತೆರೆಯಲ್ಲ. ಆದ್ರೆ ಒಳಗಿರೋರಿಗೆ ಏನೂ ಕಷ್ಟ ಇಲ್ಲ. ಒಳಗಡೆ ಒಂದು ಹಿಡಿ ಇದೆ, ತಿರುಗಿಸಿದ್ರೆ ಸಾಕು."

"ಅಂದ್ರೆ?" ಎಂದರು ಹೆಡ್‌ಮೇಡಂ.

"ಅಂದ್ರೆ ಬಾಗಿಲು ತೆರೀತಿಲ್ಲ ಅಂತಲ್ಲ. ತೆರೆಯೋಕೆ ಅವರಿಗೆ ಮನಸ್ಸಿಲ್ಲ."

ಬಾಗಿಲ ಮೇಲೆ, ನಮ್ಮ ಮೂಗಿನ ಎದುರಿಗೇ, ಹಿತ್ತಾಳೆಯ ಹಿಡಿಯೊಂದು ಹೊಳೆಯುತ್ತಿತ್ತು. ನಾನು ಬೆರಳು ತೋರಿಸಿ, "ಇದೇನು ಹಾಗಾದ್ರೆ?" ಎಂದೆ.

ಬೀಗರು ಅದನ್ನು ನೋಡಿದರು. ಒಂದು ಕ್ಷಣ ಅವರ ಹುಬ್ಬು ಗೊಂದಲದಿಂದ ಅಲುಗಾಡಿತು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟು ಅವರಿಗೆ ಗೊತ್ತಿಲ್ಲ. "ಅದು ಶೋಭೆಗೆ," ಎಂದರು. "ಈ ಜಾತಿ ಬೀಗದಲ್ಲಿ ಹೊರಗಡೇನೂ ಒಂದು ಇರುತ್ತೆ. ತಿರುಗಲ್ಲ."

ಇಪ್ಪತ್ತೈದು ವರ್ಷ ಬೀಗದಂಗಡಿ ಇಟ್ಟವರು ಹೇಳಿದ ಮೇಲೆ ಮುಟ್ಟಿ ನೋಡುವುದು ಅವಮಾನ ಮಾಡಿದ ಹಾಗೆ. ಯಾರೂ ಮುಟ್ಟಲಿಲ್ಲ.

ಸುದ್ದಿ ಹಿಂದಕ್ಕೆ ಹರಿಯಿತು. ಮೂರನೆಯ ಬೆಂಚಿನಲ್ಲಿ ಪಾಸ್ಟರು ಮುನಿಸಿಕೊಂಡು ಬಾಗಿಲು ಹಾಕಿಕೊಂಡಿದ್ದರು. ಹತ್ತನೆಯ ಬೆಂಚಿನಲ್ಲಿ ಉಪವಾಸ ಕೂತಿದ್ದರು. ಮೆಟ್ಟಿಲ ಮೇಲೆ ರಾಜೀನಾಮೆ ಕೊಟ್ಟಿದ್ದರು. ಅಂಗಳ ದಾಟಿ ಗೇಟಿಗೆ ಹೋಗುವ ಹೊತ್ತಿಗೆ, ಸಭೆಯವರು ಪಾಸ್ಟರನ್ನು ಕೂಡಿಹಾಕಿದ್ದರು. ದೂರ ಹೋದಷ್ಟೂ ಸುಳ್ಳಾಗುವ ಸುದ್ದಿ ಅಲ್ಲಿ ಮಾತ್ರ ಅಕಸ್ಮಾತ್ತಾಗಿ ನಿಜವಾಗಿತ್ತು. ಗೇಟಿನ ಹತ್ತಿರ ಒಬ್ಬರು ಟ್ರಾಫಿಕ್ ಪೊಲೀಸರು ನಿಂತಿದ್ದರು. ಎರಡು ಆರಾಧನೆಯ ವಾಹನಗಳು ಒಂದೇ ಸಲಕ್ಕೆ ಬಂದು ರಸ್ತೆಯ ಅರ್ಧ ನುಂಗಿದ್ದವು. ಅದನ್ನು ಕೇಳಲು ಬಂದವರು ಇದನ್ನು ಕೇಳಿ ಒಳಗೆ ಬಂದರು.

"ಯಾರ್ರೀ ಯಾರನ್ನ ಕೂಡಿಹಾಕಿರೋದು? ಕೇಸಾಗುತ್ತೆ!"

ಹೆಡ್‌ಮೇಡಂ ಕನ್ನಡಕ ಸರಿಮಾಡಿಕೊಂಡರು. "ನೀನು ಐದನೇ ಕ್ಲಾಸಲ್ಲಿ ಕಿಟಕಿ ಹಾರಿ ಓಡಿಹೋದೋನಲ್ವಾ?"

ಪೊಲೀಸರು ಟೋಪಿ ತೆಗೆದರು. "ಹೌದು ಮಿಸ್."

"ಟೋಪಿ ಸರಿ. ಧ್ವನಿ ಇಳಿಸು."

ಪೊಲೀಸರು ಧ್ವನಿ ಇಳಿಸಿ ಬಾಗಿಲಿಗೆ ಕಿವಿಯಿಟ್ಟರು. ಅವರು ನಮ್ಮ ಪಾಸ್ಟರ ಪ್ರಸಂಗ ಒಂದನ್ನೂ ಕೇಳಿದವರಲ್ಲ. ಆದ್ದರಿಂದ ಆ ಬೆಳಗ್ಗೆ ಮಾತಿಗೆ ಮಾತಿನ ಅರ್ಥವನ್ನೇ ಹಿಡಿದವರು ಅವರೊಬ್ಬರೇ.

"ಒಳಗಿರೋರೇ, ಬಾಗಿಲು ಯಾಕೆ ತೆಗೀತಿಲ್ಲ?"

"ತೆಗೆಯೋಕೆ ಇಲ್ಲಿ ಹಿಡೀನೇ ಇಲ್ಲ! ಬರೀ ಒಂದು ತೂತಿದೆ. ನಿನ್ನೆವರೆಗೂ ಇಲ್ಲಿ ಬೀಗಾನೇ ಇರಲಿಲ್ಲ. ನಾನು ಕೇಳಿದ್ದು ಬೀರುವಿಗೆ!"

ಬೀಗರ ಮುಖವನ್ನು ನಾನು ಆಗ ನೋಡಿದೆ. ಬೆವರು ಹಣೆಯಲ್ಲಿ ಹುಟ್ಟಿ ಮೂಗಿನ ತುದಿಗೆ ಬಂದು ನಿಂತಿತು. ಒಳಗಿರಬೇಕಾದ ಹಿಡಿ ಹೊರಗೆ. ಹೊರಗಿರಬೇಕಾದ ತೂತು ಒಳಗೆ. ಬೀಗ ತಿರುಗುಮುರುಗಾಗಿ ಕೂತಿತ್ತು. ಅಂದರೆ ಹೊರಗಿನಿಂದ ಒಂದು ಮಗು ಕೈಯಿಟ್ಟು ತಿರುಗಿಸಿದರೂ ಬಾಗಿಲು ತೆರೆಯುತ್ತಿತ್ತು. ಆ ಹಿಡಿಯನ್ನೇ ಶೋಭೆಗೆ ಎಂದು ಅವರು ನೂರೈವತ್ತು ಜನರ ಎದುರು ಘೋಷಿಸಿ ಮುಗಿಸಿದ್ದರು. ಇಷ್ಟೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಬೀಗರು ಹೇಳಿದ್ದು ಇಷ್ಟೇ: "ಬೀಗದ ಕೈ ನಿಮ್ಮ ಮೇಜಿನ ಮೇಲೇ ಇದೆ ಪಾಸ್ಟರೇ. ಲಕೋಟೆಯಲ್ಲಿ."

"ಯಾವ ಲಕೋಟೆ? ಇಲ್ಲಿ ಇಪ್ಪತ್ತಿದೆ."

ಅದೊಂದು ಬಿಟ್ಟರೆ ಉಳಿದವೆಲ್ಲ ಪ್ರಕಟಣೆಯಾದ ಮೇಲೆ ಬಂದ ದೂರಿನ ಪತ್ರಗಳು. ಒಡೆದು ನೋಡುವ ಧೈರ್ಯವಾಗದೆ ಪಾಸ್ಟರು ಹಾಗೇ ಜೋಡಿಸಿಟ್ಟಿದ್ದರು.

"ಒಂದೊಂದಾಗಿ ಒಡೆದು ನೋಡಿ," ಎಂದರು ಬೀಗರು. ನಮ್ಮಲ್ಲಿ ಹಲವರ ಮುಖದ ಬಣ್ಣ ಹಾರಿತು.

ಪಾಸ್ಟರಿಗೆ ಏನನ್ನೂ ಮನಸ್ಸಿನೊಳಗೇ ಓದಿ ಅಭ್ಯಾಸವಿಲ್ಲ, ವೃತ್ತಿಯ ದೋಷ. ಮೊದಲ ಲಕೋಟೆ ಹರಿದ ಸದ್ದು ಬಂತು. ಹಿಂದೆಯೇ, ಪ್ರಸಂಗದ ದನಿಯಲ್ಲಿ:

"'ಮಾನ್ಯರೇ, ತಮ್ಮ ಕಳೆದ ಭಾನುವಾರದ ಪ್ರಸಂಗದಲ್ಲಿ ಹನ್ನೆರಡು ವಾಕ್ಯಗಳಿಗೆ ಕ್ರಿಯಾಪದವೇ ಇರಲಿಲ್ಲ. ಕ್ರಿಯಾಪದವಿಲ್ಲದ ಪ್ರಸಂಗವನ್ನು ಏಳು ಗಂಟೆಗೆ ಸಹಿಸಬಹುದು, ಎಂಟೂ ಕಾಲಿಗೆ ಸಾಧ್ಯವಿಲ್ಲ. ಇತಿ, ಒಬ್ಬ ಹಿತೈಷಿ.' ಕೆಂಪು ಶಾಯಿ."

ಹೆಡ್‌ಮೇಡಂ ಕಡೆ ನೋಡಬಾರದೆಂದು ಇಡೀ ಸಭೆ ಛಾವಣಿ ನೋಡಿತು. ಛಾವಣಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಇದರಲ್ಲಿ ಬೀಗದ ಕೈ ಇಲ್ಲ. ಮುಂದಿನದು. ಇದಕ್ಕೆ ಬೆಣ್ಣೆ ವಾಸನೆ ಬರ್ತಿದೆ. 'ಏಳು ಗಂಟೆಯವರಿಗೆ ವಯಸ್ಸಾಗಿದೆ, ಬೇರೆ ಕೆಲಸವಿಲ್ಲ, ಅವರು ಯಾವ ಹೊತ್ತಿಗೆ ಕರೆದರೂ ಬರುತ್ತಾರೆ. ಹೇಗೂ ಪ್ರಸಂಗದಲ್ಲಿ ನಿದ್ದೆ ಮಾಡುವವರಿಗೆ ಹೊತ್ತು ಯಾವುದಾದರೇನು?'"

ಈಗ ಹೆಡ್‌ಮೇಡಂ ಮೆಲ್ಲಗೆ ಬೇಕರಿ ಯಜಮಾನರ ಕಡೆ ತಿರುಗಿದರು. ಯಜಮಾನರು ಕೈಯಲ್ಲಿನ ಹಿಟ್ಟು ಉಜ್ಜಿಕೊಳ್ಳುವುದರಲ್ಲಿ ಮಗ್ನರಾದರು. ಮೂರನೆಯ ಪತ್ರ ಯಾರು ಬರೆದದ್ದು ಎಂಬುದು ಇಲ್ಲಿ ಮುಖ್ಯವಲ್ಲ. ಅಕ್ಷರ ಬಹಳ ದುಂಡಗಿದೆ, ನಡಾವಳಿ ಪುಸ್ತಕದ ಅಕ್ಷರದ ಹಾಗೆ, ಎಂದು ಪಾಸ್ಟರು ಒಳಗಿನಿಂದ ಹೇಳಿದರು. ನಾನೂ ಛಾವಣಿ ನೋಡಿದೆ.

ಆಮೇಲೆ ದೊಡ್ಡ ಲಕೋಟೆಗಳು ಎರಡು ಬಂದವು.

"'ಏಳು ಗಂಟೆಯ ಆರಾಧನೆಯನ್ನು ಪ್ರಾಣ ಹೋದರೂ ಬಿಡೆವು.' ನಲವತ್ತೆಂಟು ಸಹಿ. ಹದಿನೇಳನೇದು ಬೀಗರದ್ದು." ಹಾಳೆ ತಿರುವಿದ ಸದ್ದು. "'ಒಂಬತ್ತೂವರೆಯ ಆರಾಧನೆಯನ್ನು ಪ್ರಾಣ ಹೋದರೂ ಬಿಡೆವು.' ಐವತ್ತೆರಡು ಸಹಿ. ಒಂಬತ್ತನೇದು... ಇದೂ ಬೀಗರದ್ದು. ಬೀಗರೇ, ನಿಮಗೆ ಎಷ್ಟು ಪ್ರಾಣ?"

ನೂರೈವತ್ತು ಜನ ಛಾವಣಿ ಬಿಟ್ಟು ಬೀಗರನ್ನು ನೋಡಿದರು.

"ಎರಡಕ್ಕೂ ಹಾಕಿದ್ರಾ?" ಎಂದು ಅವರ ಹೆಂಡತಿ ಬೆಂಚಿನಿಂದ ಎದ್ದು ನಿಂತರು.

"ನೀನು ಹಾಕು ಅಂದೆ, ಹಾಕ್ದೆ. ಅವರು ಹಾಕಿ ಅಂದ್ರು, ಹಾಕ್ದೆ. ಐಕ್ಯತೆಯ ದೃಷ್ಟಿಯಿಂದ..."

"ಐಕ್ಯತೆ! ನಮ್ಮ ಕಡೆ ಬೇಹುಗಾರಿಕೆ ಮಾಡ್ತಿದ್ರಾ?" ಎಂದರು ಹೆಡ್‌ಮೇಡಂ.

"ನಿಮ್ಮ ಕಡೆ ಅಲ್ಲ ಮೇಡಂ, ನಮ್ಮ ಕಡೆ!" ಎಂದರು ಬೇಕರಿ ಯಜಮಾನರು.

ಬೀಗರು ಯಾರ ಕಡೆಯ ಬೇಹುಗಾರ ಎಂಬುದರ ಮೇಲೆ ಎರಡು ಗುಂಪಿಗೂ ಜೋರು ಜಗಳ ಹತ್ತಿತು. ಯಾರೋ ಬಿಸ್ಕತ್ತಿನ ಪುಡಿ ಎತ್ತಿದರು, ಇನ್ನಾರೋ ಕನ್ನಡಕ ಎತ್ತಿದರು. ಪೊಲೀಸರು ಸೀಟಿ ಊದಲು ತುಟಿಗಿಟ್ಟು, ಹೆಡ್‌ಮೇಡಂ ಮುಖ ನೋಡಿ, ಜೇಬಿಗೆ ಹಾಕಿಕೊಂಡರು. ಈ ಗಲಾಟೆಯಲ್ಲಿ ಒಳಗಿನ ದನಿ ಎರಡು ಸಲ ಮಾತಾಡಿದ್ದು ನಮಗೆ ಕೇಳಲೇ ಇಲ್ಲ. ಮೂರನೆಯ ಸಲ ಕೇಳಿತು. ಅದರಲ್ಲಿ ಪ್ರಸಂಗದ ರಾಗ ಇರಲಿಲ್ಲ.

"ಎರಡು ತಿಂಗಳ ಹಿಂದೆ ಪೋಸ್ಟ್‌ಮ್ಯಾನ್ ತಾತ ತೀರ್ಕೊಂಡ್ರಲ್ಲ," ಎಂದರು ಪಾಸ್ಟರು. "ಏಳು ಗಂಟೆಯವರು. ನಾಲ್ಕನೇ ಬೆಂಚು, ಕಿಟಕಿ ಪಕ್ಕ. ಅವರ ಮಣ್ಣಿಗೆ ಒಂಬತ್ತೂವರೆಯವರು ಒಬ್ರೂ ಬರ್ಲಿಲ್ಲ. ಯಾಕೆ ಅಂತ ವಿಚಾರಿಸಿದೆ. ಬೇಕಂತ ಅಲ್ಲ, ಅವರು ಯಾರು ಅಂತಲೇ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಅದೇ ಬೆಂಚು. ಅವರು ಎದ್ದುಹೋಗಿ ಒಂದು ಗಂಟೆ ಆದ್ಮೇಲೆ ಅಲ್ಲೇ ಇನ್ನೊಬ್ಬರು ಕೂರ್ತಾರೆ. ಅದಕ್ಕೇ ಒಂದು ಮಾಡೋಣ ಅನ್ಕೊಂಡೆ. ನಿಮ್ಮನ್ನ ಕೇಳಬೇಕಿತ್ತು. ಕೇಳಿದ್ರೆ ಬೇಡ ಅಂತೀರಿ ಅನ್ನೋ ಹೆದರಿಕೆ. ತಪ್ಪು ನಂದೇ." ಡ್ರಾಯರ್ ಎಳೆದ ಸದ್ದಾಯಿತು. "ನನ್ನನ್ನ ಬೇರೆ ಸಭೆಗೆ ಕಳಿಸಿ ಅಂತ ಮೇಲಿನವರಿಗೆ ಬರೀತೀನಿ. ಕಾಗದ ಇಲ್ಲೇ ಇದೆ."

ಬೇಕರಿ ಯಜಮಾನರು ಜೇಬಿನಿಂದ ಒಂದು ಹಳೆಯ ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿದರು. ಅದಕ್ಕೆ ಇನ್ನಷ್ಟು ಹಿಟ್ಟು ಮೆತ್ತಿತು.

"ಕಿಟಕಿ ಪಕ್ಕ ಕೂರೋನು ನಾನೇ," ಎಂದರು. "ಇದು ಆ ಬೆಂಚಲ್ಲಿ ಸಿಕ್ತು. ಯಾರದ್ದು ಅಂತ ಕೇಳೋಣ ಅಂತ ಪ್ರತಿ ವಾರ ತರ್ತಿದ್ದೆ. ಕೇಳೋಕೆ ಆ ಹೊತ್ತಲ್ಲಿ ಯಾರೂ ಇರ್ತಿರಲಿಲ್ಲ."

ಹೆಡ್‌ಮೇಡಂ ಕನ್ನಡಕವನ್ನು ಇಸಿದುಕೊಂಡು, ಅದರ ಮುರಿದ ಕಡ್ಡಿಗೆ ಸುತ್ತಿದ ದಾರವನ್ನು ಬೆರಳಿನಿಂದ ಸವರಿದರು. "ಅವರದ್ದೇ," ಎಂದರು. ಅಷ್ಟೇ.

ಒಳಗೆ ಪೆನ್ನು ಕಾಗದದ ಮೇಲೆ ಕರಕರ ಓಡುತ್ತಿತ್ತು. ಆ ಸದ್ದನ್ನು ಬೀಗರು ನಿಂತು ಕೇಳಿದರು. ಆ ಮನುಷ್ಯನ ಪಾಡು ನೋಡಿ: ಕೈ ಚಾಚಿದರೆ ಬಾಗಿಲು ತೆರೆಯುತ್ತದೆ, ಇಪ್ಪತ್ತೈದು ವರ್ಷದ ಹೆಸರು ಮುಚ್ಚುತ್ತದೆ. ಸುಮ್ಮನಿದ್ದರೆ ಪಾಸ್ಟರಿಗೆ ಹೇಗೂ ಬೀಗದ ಕೈ ಸಿಗುತ್ತದೆ, ಅವರೇ ತೆರೆದು ಬರುತ್ತಾರೆ, ಕೈಯಲ್ಲಿ ಆ ಕಾಗದ ಹಿಡಿದು. ಬೀಗರು ಒಮ್ಮೆ ಹೆಂಡತಿಯ ಕಡೆ ನೋಡಿದರು. ಆಮೇಲೆ ಮುಂದೆ ಬಂದು ಹಿತ್ತಾಳೆಯ ಹಿಡಿ ಹಿಡಿದು ತಿರುಗಿಸಿದರು.

ಬಾಗಿಲು ಹೂವಿನ ಹಾಗೆ ತೆರೆದುಕೊಂಡಿತು.

"ಶೋಭೆಗಲ್ಲ," ಎಂದರು ಬೀಗರು, ನೆಲ ನೋಡುತ್ತ. "ಉಲ್ಟಾ ಹಾಕಿದೀನಿ. ಇಷ್ಟು ಹೊತ್ತೂ ಯಾರು ತಿರುಗಿಸಿದ್ರೂ ತೆರೀತಿತ್ತು. ಗೊತ್ತಾದ ಮೇಲೂ ಹೇಳಲಿಲ್ಲ. ಮರ್ಯಾದೆ ಹೋಗುತ್ತೆ ಅಂತ."

ಪಾಸ್ಟರು ಒಂದು ತೋಳು ಮೇಲಂಗಿಯ ಒಳಗೆ, ಒಂದು ಹೊರಗೆ, ಪೆನ್ನು ಹಿಡಿದು ಕೂತಿದ್ದರು. ಸುತ್ತ ಹರಿದ ಲಕೋಟೆಗಳು. ಬೀಗದ ಕೈಯಿದ್ದ ಲಕೋಟೆ ಅವರ ಮೊಣಕೈ ಕೆಳಗೇ ಇತ್ತು. ಹೆಡ್‌ಮೇಡಂ ಒಳಗೆ ಹೋಗಿ ಕಾಗದ ಎತ್ತಿಕೊಂಡು ಪೂರ್ತಿ ಓದಿದರು.

"ಎಲ್ಲಾ ವಾಕ್ಯಕ್ಕೂ ಕ್ರಿಯಾಪದ ಇದೆ," ಎಂದರು. "ಆದ್ರೂ ಪಾಸಿಲ್ಲ." ಹರಿದು ನಾಲ್ಕು ಮಾಡಿದರು.

ಮೊದಲು ನಕ್ಕಿದ್ದು ಪೊಲೀಸರು. ಆಮೇಲೆ ಪಾಸ್ಟರು. ಆಮೇಲೆ ಯಾರು ಯಾರು ಎಂದು ನಾನು ಬರೆದುಕೊಳ್ಳಲಿಲ್ಲ.

ನಕ್ಕು ಮುಗಿದ ಮೇಲೆ ಇನ್ನೊಂದು ಜಗಳ ಶುರುವಾಯಿತು, ಹಿಂದಿನದಕ್ಕಿಂತ ಗಡುಸಾದದ್ದು. ಹೆಡ್‌ಮೇಡಂ, "ನಾವೇ ಒಂಬತ್ತೂವರೆಗೆ ಬರ್ತೀವಿ, ನಮಗೇನು ಬೇರೆ ಕೆಲಸ ಇಲ್ವಂತಲ್ಲ" ಎಂದರು. ಬೇಕರಿ ಯಜಮಾನರು, "ಛೆ ಛೆ, ನಾವೇ ಏಳಕ್ಕೆ ಬರ್ತೀವಿ, ಒಲೆ ನೋಡ್ಕೊಳ್ಳೋಕೆ ತಮ್ಮ ಇದಾನೆ" ಎಂದರು. "ನೀವು ಬರಕೂಡದು!" "ಬಂದೇ ಬರ್ತೀವಿ!" ಮೇಜು ಗುದ್ದುವಷ್ಟಕ್ಕೆ ಹೋಯಿತು. ಪಾಸ್ಟರು ಅಂಜುತ್ತಲೇ, "ಎರಡರ ಮಧ್ಯೆ ಎಂಟೂ ಕಾಲು..." ಎಂದರು. "ಅದೊಂದು ಬೇಡ!" ಎಂದು ಇಡೀ ಸಭೆ ಒಂದೇ ದನಿಯಲ್ಲಿ ಕೂಗಿತು.

"ಎಂಟೂವರೆ ಮಾಡ್ಕೊಳ್ಳಿ," ಎಂದರು ಬಾಗಿಲಿಗೆ ಒರಗಿ ನಿಂತಿದ್ದ ಪೊಲೀಸರು. "ಮುಂದಿನ ವಾರದಿಂದ ಅಷ್ಟೊತ್ತಿಗೆ ಈ ರಸ್ತೆಯಲ್ಲಿ ನನ್ನ ಡ್ಯೂಟಿ ಮುಗಿದಿರುತ್ತೆ. ನಿಮ್ಮ ಗಾಡಿಗಳು ಎಲ್ಲಿ ನಿಂತ್ರೂ ನಾನು ನೋಡಲ್ಲ."

ಪಾಸ್ಟರು ಎದ್ದು ನಿಂತರು. ಏನನ್ನೋ ಘೋಷಿಸಲು ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಮೆಲ್ಲಗೆ, "ನೀವೆಲ್ಲ ಏನಂತೀರಿ?" ಎಂದು ಕೇಳಿದರು.

ಎಂಟೂವರೆ ಸರ್ವಾನುಮತದಿಂದ ಅಂಗೀಕಾರವಾಯಿತು. ಕಾಲು ಗಂಟೆಯಲ್ಲಿ ಅಂಥದ್ದೇನು ವ್ಯತ್ಯಾಸ ಎಂದು ಪಾಸ್ಟರು ನನ್ನ ಕಿವಿಯಲ್ಲಿ ಕೇಳಿದರು. ಹೆಡ್‌ಮೇಡಂ ಕಿವಿ ನನ್ನದಕ್ಕಿಂತ ಚುರುಕು. "ಕಾಲು ಗಂಟೆಯಲ್ಲಿ ಏನಿಲ್ಲ ಪಾಸ್ಟರೇ," ಎಂದರು. "ಈಗ ಒಂದು ಪ್ರಶ್ನೆ ಕೇಳಿದ್ರಲ್ಲ, ಅದರಲ್ಲಿದೆ."

ಎಲ್ಲರೂ ಹೊರಟರು. ನನ್ನ ಮನೆಯ ದಾರಿಯೂ ಬೀಗರ ಮನೆಯ ದಾರಿಯೂ ಒಂದೇ. ಗಂಡ ಹೆಂಡತಿ ಮುಂದೆ ನಡೆಯುತ್ತಿದ್ದರು, ನಾನು ಹಿಂದೆ. ಕದ್ದು ಕೇಳಲಿಲ್ಲ, ಕಿವಿಗೆ ಬಿತ್ತು. ಬೀಗರ ಹೆಗಲು ಇಳಿಬಿದ್ದಿತ್ತು.

"ನಾಳೆಯಿಂದ ಅಂಗಡಿಗೆ ಯಾರು ಬರ್ತಾರೆ," ಎಂದರು ಬೀಗರು.

"ಬರ್ತಾರೆ ಬಿಡಿ. ಉಲ್ಟಾ ಹಾಕಿದೀನಿ ಅಂತ ಬಾಯಿಬಿಟ್ಟು ಹೇಳೋ ರಿಪೇರಿಯವರು ಎಷ್ಟು ಜನ ಸಿಕ್ತಾರೆ?" ಎಂದರು ಹೆಂಡತಿ. ಹತ್ತು ಹೆಜ್ಜೆ ಹೋದ ಮೇಲೆ, "ಅದಲ್ಲ ನನ್ನ ಚಿಂತೆ," ಎಂದರು.

"ಮತ್ತೇನು?"

"ಇವತ್ತು ಹಿಂದಿನ ಬೆಂಚಿಂದ ನೀವು ಹಾಡಿದ್ದು ಕೇಳಿಸ್ತು. ಹನ್ನೊಂದು ವರ್ಷ ಆಗಿತ್ತಲ್ಲ, ಇಷ್ಟು ಕೆಟ್ಟದಾಗಿ ಹಾಡ್ತೀರಿ ಅನ್ನೋದು ಮರ್ತೇ ಹೋಗಿತ್ತು."

ಬೀಗರು ನಿಂತುಬಿಟ್ಟರು. "ಹಾಗಾದ್ರೆ ಮುಂದಿನ ವಾರದಿಂದ ಬಾಯಿ ಮುಚ್ಕೊಂಡು ಕೂರ್ಲಾ?"

"ಯಾಕೆ ಮುಚ್ಕೋಬೇಕು? ಮಂಡಳಿಯವರಿಗೆ ಹೇಳ್ತೀನಿ, ನಾನು ಇನ್ಮೇಲೆ ಅಲ್ಲಿ ನಿಲ್ಲಲ್ಲ ಅಂತ. ನನ್ನ ಪಕ್ಕ ಬಂದು ಕೂತ್ಕೊಳ್ಳಿ. ನೀವು ಎಷ್ಟು ಬೇಕಾದ್ರೂ ತಪ್ಪಿ. ನಾನು ಜೋರಾಗಿ ಹಾಡ್ತೀನಿ."